ನಿನ್ನೆ ಏನು ತಿಂದ್ರಿ

ಯುವರಾಜ್ ತಮಾಷೆ ಮಾಡುತ್ತಿದ್ದಾನೆ ಎಂದೇ ಲತಾಮಣಿ ಮೊದಲು ಅಂದುಕೊಂಡಿದ್ದು.

ಬೆಳಗಿನ ಹತ್ತು ಗಂಟೆಯ ಫೋನು. ನಿನ್ನೆ ಏನು ತಿಂದ್ರಿ ಎಂದು ಅವಳು ಕೇಳಬೇಕು, ಅವನು ನೆನಪಿಸಿಕೊಂಡು ಹೇಳಬೇಕು, ಇಷ್ಟೇ ಕೆಲಸ. ಕತ್ರಿಗುಪ್ಪೆಯ ಬಾಡಿಗೆ ಮನೆಯಲ್ಲಿ ಕೂತು ಅವಳು ಆನ್‌ಲೈನ್‌ನಲ್ಲಿ ಕ್ಲಿನಿಕಲ್ ನ್ಯೂಟ್ರಿಷನ್ ಡಾಕ್ಟರೇಟ್ ಮಾಡುತ್ತಿದ್ದಳು. ಕರುಳಿನ ಆಪರೇಷನ್ ಆದ ಮೂವತ್ತು ಜನರ ಊಟ, ತೂಕ ಗಮನಿಸುವುದು ಅವಳ ಅಧ್ಯಯನ. ಅದೇ ಊರಿನ ಸಿದ್ದಾಪುರದಲ್ಲಿ ಗಿಡಗಳ ನರ್ಸರಿ ಇಟ್ಟುಕೊಂಡಿದ್ದ ಯುವರಾಜ್ ಅವರಲ್ಲೊಬ್ಬ.

"ಮಧ್ಯಾಹ್ನ ತಂಗಳು ಚಪಾತಿಗೆ ಸಕ್ಕರೆ ಹಾಕಿ ಸುತ್ಕೊಂಡು ತಿಂದೆ ಮೇಡಂ," ಅಂದ. "ಫ್ರಿಜ್ ಬಾಗ್ಲು ತೆಗ್ದಿಟ್ಕೊಂಡು, ನಿಂತ್ಕೊಂಡೇ."

ಲತಾಮಣಿ ನಕ್ಕುಬಿಟ್ಟಳು. ಅವಳೂ ನಿನ್ನೆ ತಿಂದದ್ದು ಅದನ್ನೇ, ಹಾಗೆಯೇ ನಿಂತು. ಲೋಕಕ್ಕೆಲ್ಲ ಪಥ್ಯ ಹೇಳುವ ಹೆಂಗಸಿನ ಊಟ ಅಷ್ಟರಲ್ಲೇ ಇತ್ತು.

ಮುಂದಿನ ಸಲ ಅವನು ರಸ್ಕನ್ನು ನೀರಿಗೆ ಅದ್ದಿ ತಿಂದೆನೆಂದ. ಈ ಸಲ ನಗು ಬರಲಿಲ್ಲ. ಹಿಂದಿನ ದಿನ ಅವಳೂ ಅದನ್ನೇ ತಿಂದಿದ್ದಳು; ಮನೆಯಲ್ಲಿ ಹಾಲು ಒಡೆದುಹೋಗಿತ್ತು, ಅದಕ್ಕೇ ನೀರು. ರಸ್ಕಿಗೆ ನೀರು ಹಾಕಿಕೊಳ್ಳುವವರು ಈ ಊರಲ್ಲಿ ಇನ್ಯಾರಿದ್ದಾರೆ? ಅವಳು ಎದ್ದು ಕಿಟಕಿಯ ಪರದೆ ಎಳೆದಳು. ಮೂರನೇ ಮಹಡಿ, ಎದುರಿಗೆ ಬರೀ ಗೋಡೆ. ಬಾಗಿಲ ಚಿಲಕ ಎರಡು ಸಲ ನೋಡಿದಳು. ಇಷ್ಟೆಲ್ಲ ಹೆದರಿಕೆಯ ನಡುವೆಯೂ ಹಾಳು ಮನಸ್ಸು ಮುಂದಿನ ಹತ್ತು ಗಂಟೆಗೆ ಕಾಯುತ್ತಿತ್ತು. ಅಷ್ಟು ಮೆತ್ತಗೆ ಅವಳೊಡನೆ ಮಾತಾಡುವವರು ಬೇರೆ ಯಾರೂ ಇರಲಿಲ್ಲ.

ಪರೀಕ್ಷೆ ಮಾಡಿಯೇಬಿಡೋಣವೆಂದು ಬಚ್ಚಲುಮನೆಗೆ ಹೋಗಿ, ಬಾಗಿಲು ಹಾಕಿ, ದೀಪ ಆರಿಸಿ ಒಂದು ಹಸಿ ಬೆಂಡೆಕಾಯಿ ತಿಂದಳು. ಲೋಳೆ ಲೋಳೆಯಾಗಿತ್ತು. ನುಂಗಿ ಬಾಯಿ ತೊಳೆದುಕೊಂಡಳು.

"ಇನ್ನೇನಾದ್ರೂ ತಿಂದ್ರಾ?" ಮರುದಿನ ಅವಳು ಕೊನೆಯ ಪ್ರಶ್ನೆ ಕೇಳಿದಳು.

"ನಗಬೇಡಿ ಮೇಡಂ. ಒಂದು ಹಸಿ ಬೆಂಡೆಕಾಯಿ. ಯಾಕೆ ಅಂತ ನಂಗೂ ಗೊತ್ತಿಲ್ಲ."

ಅವಳು ಉಸಿರು ಬಿಡದೆ ಫೋನಿಟ್ಟಳು.

ಆಮೇಲೆ ಥೀಸಿಸ್‌ನ ಒಂದು ಅಧ್ಯಾಯ ಕಳಿಸುವ ವಾರ ಬಂತು. ಲತಾಮಣಿ ಐದು ದಿನ ಬರೀ ಕಾಫಿಯಲ್ಲಿ ಕಳೆದಳು. ಆರನೆಯ ದಿನ ಫೋನಿನಲ್ಲಿ ಯುವರಾಜನ ದನಿ ಸೋತಿತ್ತು. ಎದುರಿಗೆ ಅನ್ನವಿದ್ದರೂ ಕೈ ಹೋಗುತ್ತಿಲ್ಲ, ಕಾಫಿಯೊಂದೇ ಇಳಿಯುತ್ತಿದೆ ಎಂದ. ತೂಕ ಐವತ್ತೊಂದರಿಂದ ನಲವತ್ತೆಂಟಕ್ಕೆ ಬಂದಿತ್ತು. ಹೀಗೇ ಇಳಿದರೆ ಅವನು ಉಳಿಯುವುದಿಲ್ಲವೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಫೋನಿಟ್ಟವಳೇ ಅನ್ನಕ್ಕಿಟ್ಟಳು. ಬೇಳೆ ಸಾರು, ಪಲ್ಯ, ಮೊಸರು. ಹಸಿವು ಸತ್ತುಹೋಗಿದ್ದರೂ ಅಳುತ್ತ ಅಳುತ್ತ ಎರಡು ಸಲ ಬಡಿಸಿಕೊಂಡು ತಿಂದಳು. ಮರುದಿನ ಹತ್ತು ಗಂಟೆಯವರೆಗೆ ಕಾಯದೆ ಕರೆ ಮಾಡಿದಳು. ಎರಡು ಸಲ ಅನ್ನ ಹಾಕಿಸಿಕೊಂಡೆನೆಂದು ಅವನು ಖುಷಿಯಿಂದ ಹೇಳಿದ.

ತನ್ನ ಊಟವೇ ಇವನ ಊಟವಾಗುತ್ತಿರುವಾಗ ಇನ್ನು ಇವನನ್ನು ಅಧ್ಯಯನದಲ್ಲಿ ಇಟ್ಟುಕೊಳ್ಳುವುದು ಸುಳ್ಳಾಗುತ್ತಿತ್ತು. ಒಬ್ಬ ಕಡಿಮೆಯಾದರೆ ಡಿಗ್ರಿ ಒಂದು ವರ್ಷ ಮುಂದಕ್ಕೆ ಹೋಗುತ್ತದೆಂದು ಗೈಡ್ ಸರಸ್ವತಿ ಮೇಡಂ ವಿಡಿಯೋದಲ್ಲಿ ಎಚ್ಚರಿಸಿದರು. ಹೋಗಲಿ ಎಂದು ಅವಳೇ ಅವನ ಹೆಸರು ತೆಗೆದಳು. ಭಾನುವಾರ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಸಿದ್ದಾಪುರಕ್ಕೆ ಹೋದಳು.

ದಾಸವಾಳದ ಕುಂಡಗಳ ನಡುವೆ ಅವನು ನಿಂತಿದ್ದ. ಅಂಗಿ ಮೈಮೇಲೆ ಜೋತಾಡುತ್ತಿತ್ತು. ಅವಳನ್ನು ಕಂಡು ಕಣ್ಣು ಕೆಳಗೆ ಹಾಕಿದ, ಮತ್ತೆ ಎತ್ತಿದ, ಈ ಸಲ ತೆಗೆಯಲಿಲ್ಲ.

"ನೀವಿನ್ನು ನನ್ನ ಸ್ಟಡೀಲಿಲ್ಲ," ಅಂದಳು.

"ನಿಮ್ದೇ ಹಸಿವು ಅಂತ ನಂಗೆ ಗೊತ್ತಾಗಿತ್ತು," ಅಂದ ಅವನು. "ಬೆಂಡೆಕಾಯಿ ಅಂದಾಗ ನೀವು ಉಸಿರೇ ಬಿಡ್ಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಫೋನ್ ಮಾಡೋದು ನಿಲ್ಲಿಸ್ತಿದ್ರಿ. ಹೊಟ್ಟೆ ಹಸ್ಕೊಂಡಿರಬಹುದು ಮೇಡಂ, ನಿಮ್ ಫೋನಿಲ್ದೆ ಇರೋಕೆ ಆಗ್ತಿರ್ಲಿಲ್ಲ."

ಲತಾಮಣಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಅವನ ಕೈ ಹಿಡಿಯಬೇಕೆಂದೂ ಅನಿಸಿತು. ಹಿಡಿದಳು. ಕೈ ತಣ್ಣಗಿತ್ತು, ನಿಧಾನವಾಗಿ ಬೆಚ್ಚಗಾಯಿತು.

ನೆರಳಿನಲ್ಲಿ ಗೊಬ್ಬರದ ಚೀಲದ ಮೇಲೆ ಕೂತು ಡಬ್ಬಿ ಬಿಚ್ಚಿದರು. ಮೊಸರನ್ನ ಅವನಿಗೆ, ಕರಿದ ಮಜ್ಜಿಗೆ ಮೆಣಸಿನಕಾಯಿ ತನಗೆ ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಯುವರಾಜ್ ಕಳ್ಳನಗೆ ನಗುತ್ತ ಮೆಣಸಿನಕಾಯಿಯೊಂದನ್ನು ಕಚ್ಚಿಬಿಟ್ಟ.

ಲತಾಮಣಿ ಇನ್ನೂ ಏನನ್ನೂ ಬಾಯಿಗಿಟ್ಟಿರಲಿಲ್ಲ. ಆದರೂ ಅವಳ ನಾಲಿಗೆ ಚುರ್ರೆಂದಿತು. ಕಣ್ಣಲ್ಲಿ ನೀರು ತುಂಬಿತು. ಗಂಟಲಿನವರೆಗೂ ಉರಿ ಇಳಿಯಿತು. ಅವಳು ಅವನನ್ನೇ ನೋಡಿದಳು, ಹೆದರಿಕೆ ಬರಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಅವನ ಕೈಗೆ ಕೊಟ್ಟಳು.

"ಬೇಗ ನೀರು ಕುಡೀರಿ," ಅಂದಳು. "ನಂಗೆ ಖಾರ ಆಗ್ತಿದೆ."