ಹಿನೋಸಾವಾದ ಅಜ್ಜಿ

ಬಾಗಿಲು ತಳ್ಳಿದ ವಲೇರಿಯನ್‌ಗೆ ಮೊದಲು ಕಂಡದ್ದು ಫ್ಲಾಸ್ಕು. ಆಮೇಲೆ ವಿಶ್ವನಾಥ ಮೇಷ್ಟ್ರು. ಮೇಜಿಗೆ ತಲೆಯಾನಿಸಿ ನಿದ್ದೆ ಹೋದಂತಿದ್ದರು. ಮುಟ್ಟಿದರೆ ಕಲ್ಲಿನಷ್ಟು ತಣ್ಣಗೆ.

೧೯೮೯ರ ಜುಲೈ. ಅಪ್ಪರ್ ಹಿಲ್ಲಿನಲ್ಲಿ ಮೇಷ್ಟ್ರು ಪಾಠ ಹೇಳುತ್ತಿದ್ದ ಕಾಲೇಜಿನ ಮೇಲೆ ಬೂದುಮೋಡ ಕವುಚಿಕೊಂಡಿತ್ತು.

ಪಕ್ಕದಲ್ಲಿ ಟೈಪು ಮಾಡಿದ ಚೀಟಿ. ಸಹಿಯಿಲ್ಲ. ‘ಹಿನೋಸಾವಾ ಪುಸ್ತಕ ನನ್ನದಲ್ಲ. ಲಾರೆನ್ಸ್ ಬರೆದದ್ದನ್ನು ಕದ್ದೆ. ಕ್ಷಮಿಸಿ.’

ವಲೇರಿಯನ್ ಅದನ್ನು ನಂಬಲಿಲ್ಲ. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಪೇಟೆಯ ಸ್ಟುಡಿಯೋದಲ್ಲಿ ಫೋಟೋ ತೊಳೆಯುವ ಕೆಲಸಕ್ಕೆ ಸೇರಿದವನು ಅವನು. ಹಿನೋಸಾವಾ ಎಂಬ ಜಪಾನಿನ ಆ ಬೆಟ್ಟದೂರಿನ ಚಿತ್ರಗಳನ್ನು ತೊಳೆದುಕೊಟ್ಟವನೂ ಅವನೇ. ಹದಿನೆಂಟು ಮನೆ, ಮುಚ್ಚಿದ ಶಾಲೆ, ಸೂರಿನಡಿ ಒಣಗಲು ತೂಗುಹಾಕಿದ ಹಣ್ಣು. ಮೇಷ್ಟ್ರು ಒಂದೊಂದನ್ನೂ ಬೆರಳಿಟ್ಟು ಹೇಳಿದ್ದರು. ಕದ್ದವನು ಹಾಗೆ ಹೇಳುತ್ತಾನೆಯೇ?

*

"ನಿದ್ರೆಮಾತ್ರೆ. ಆತ್ಮಹತ್ಯೆ," ಎಂದರು ಇನ್‌ಸ್ಪೆಕ್ಟರ್ ಆರ್ಥರ್.

ಮೇಷ್ಟ್ರ ಹೆಂಡತಿ ಕಮಲಾ ಅಳುತ್ತಿರಲಿಲ್ಲ. "ಸತ್ತದ್ದನ್ನ ತಡ್ಕೋತೀನಿ. ಕಳ್ಳ ಅನ್ನಿಸ್ಕೊಂಡು ಅವರು ಬೂದಿಯಾಗೋಕೆ ಬಿಡಲ್ಲ."

ಮೇಷ್ಟ್ರ ಸಹೋದ್ಯೋಗಿ ಲಾರೆನ್ಸ್ ತಲೆ ತಗ್ಗಿಸಿದ. "ಜಪಾನಿಗೆ ಹೋದದ್ದು ಇಬ್ಬರೂ, ಕಮಲಕ್ಕ. ಆ ಬೆಟ್ಟದೂರಿಗೆ ಹೋದದ್ದು ನಾನು. ಅವರು ಟೋಕಿಯೋ ಬಿಟ್ಟು ಕದಲಲೇ ಇಲ್ಲ. ನೆಗೆಟಿವ್ ನನ್ನ ಹತ್ರ ಉಂಟು. ಮನೆಯಲ್ಲೇ ಪ್ರಿಂಟ್ ಹಾಕಿದ್ದೇನೆ, ನೋಡಿ."

ಕಸ ಗುಡಿಸುವ ಸಲೋಮಿ ಮೆಲ್ಲಗೆ ಬಾಯಿಬಿಟ್ಟಳು. "ನಿನ್ನೆ ಸಂಜೆ ಫ್ಲಾಸ್ಕು ತಂದವರು ಲಾರೆನ್ಸ್ ಬ್ವಾನಾ, ಈ ಸಾಹೇಬರೇ."

"ಹೌದು. ಒಂದು ಲೋಟ ಚಾ ಕುಡಿದು ಹೊರಟೆ. ಮತ್ತೆ ಅವರು ಏನು ಬೆರೆಸಿಕೊಂಡರೋ."

ವಲೇರಿಯನ್ ಪ್ರಿಂಟುಗಳನ್ನು ತಿರುವಿದ. ಕಿಮೋನೋ ಉಟ್ಟ ಅಜ್ಜಿಯ ಚಿತ್ರಕ್ಕೆ ಕೈ ನಿಂತಿತು. ಹೋದ ವರ್ಷ ಇದೇ ಚಿತ್ರಕ್ಕೆ ಮೇಷ್ಟ್ರಿಂದ ಬೈಸಿಕೊಂಡಿದ್ದ: "ಲೋ ಪಾಪಿ, ಜೀವಂತ ಅಜ್ಜೀನ ಹೆಣ ಮಾಡಿಬಿಟ್ಯಲ್ಲೋ."

*

"ಲಾರೆನ್ಸ್ ಸರ್, ಈ ಅಜ್ಜಿಯ ಎದುರು ಕೂತೇ ತೆಗೆದದ್ದಾ?"

"ಎದುರೇ. ಚಾ ಕೊಟ್ಟಳು ಮಾರಾಯ."

"ಬಟ್ಟೆಯ ಬಲಮಡಿಕೆ ಹೀಗೇ ಎಡದ ಮೇಲಿತ್ತಾ?"

"ಕಣ್ಣು ಕಾಣುದಿಲ್ವಾ ನಿಂಗೆ? ಶಾಲೆ ಕಾಣದವರದ್ದು ಇದೇ ರಗಳೆ."

ವಲೇರಿಯನ್ ಹಲ್ಲು ಕಚ್ಚಿದ. ಮೇಜಿನ ಮೇಲಿದ್ದ ಮೇಷ್ಟ್ರ ಪುಸ್ತಕದ ಹಸ್ತಪ್ರತಿಯನ್ನು ಕಮಲಾಗೆ ಕೊಟ್ಟ. "ಸಾವಿನ ಅಧ್ಯಾಯ ಓದಿ, ಅಕ್ಕ."

ಕಮಲಾ ಓದಿದಳು. "ಬದುಕಿರುವವರು ಎಡಮಡಿಕೆಯನ್ನು ಮೇಲೆ ತಂದು ಉಡುತ್ತಾರೆ. ಬಲಮಡಿಕೆ ಮೇಲೆ ಬರುವುದು ಹೆಣಕ್ಕೆ ಮಾತ್ರ."

ವಲೇರಿಯನ್ ಪ್ರಿಂಟನ್ನು ಲಾರೆನ್ಸ್ ಮುಂದೆ ಇಟ್ಟ.

"ನೆಗೆಟಿವ್ ಮಗುಚಿ ಹಾಕಿದ್ದೀರಿ," ಎಂದ ವಲೇರಿಯನ್. "ಎಡ ಬಲ ಅದಲುಬದಲು. ನಾನೂ ಒಮ್ಮೆ ಹಾಗೇ ಮಾಡಿದ್ದೆ. ಮೇಷ್ಟ್ರಿಗೆ ಕಂಡ ಕೂಡಲೇ ಗೊತ್ತಾಯ್ತು. ಊರು ನೋಡಿದವರಿಗೆ ಗೊತ್ತಾಗ್ತದೆ. ನೀವು ಊರೂ ನೋಡಲಿಲ್ಲ, ಪುಸ್ತಕ ನಿಮ್ಮದು ಅಂತೀರಿ, ಅದನ್ನು ಸರಿಯಾಗಿ ಓದಲೂ ಇಲ್ಲ."

ಆರ್ಥರ್ ಚೀಟಿ ಎತ್ತಿಕೊಂಡರು. "ಹಾಗಾದರೆ ಇದು ಸುಳ್ಳು. ಸತ್ತವನು ತನ್ನ ಹೆಸರಿಗೆ ತಾನೇ ಸುಳ್ಳು ಮಸಿ ಬಳಿದುಕೊಳ್ಳುವುದಿಲ್ಲ. ಲಾಭ ಒಬ್ಬರಿಗೇ. ಫ್ಲಾಸ್ಕು ತಂದದ್ದೂ ಅವರೇ."

ಲಾರೆನ್ಸ್ ಕುರ್ಚಿಗೆ ಕುಸಿದ. "ಅವರ ಬರಹ, ನೆಗೆಟಿವ್ ಎಲ್ಲ ಎತ್ತಿಕೊಂಡು ಪ್ರಕಾಶಕರಿಗೆ ನನ್ನ ಹೆಸರಲ್ಲಿ ಪುಸ್ತಕ ಕಳಿಸಿ ಆಗಿತ್ತು. ನಿನ್ನೆ ಮೇಷ್ಟ್ರಿಗೆ ಗೊತ್ತಾಯ್ತು. ಎಲ್ಲರಿಗೂ ಹೇಳ್ತೇನೆ ಅಂದರು. ನನ್ನ ಲೋಟ ಮುಗಿಸಿ ಫ್ಲಾಸ್ಕಿಗೆ ಮಾತ್ರೆ ಹಾಕಿದೆ."

ವಲೇರಿಯನ್ ಮುಷ್ಟಿ ಎತ್ತಿದ. ಕಮಲಾ ಅವನ ಮಣಿಕಟ್ಟು ಹಿಡಿದಳು. "ಬೇಡ. ಆ ಅಜ್ಜೀನ ಸರಿಯಾಗಿ ಪ್ರಿಂಟ್ ಹಾಕ್ಕೊಡು. ಅವರ ಜೊತೆ ಇಡ್ತೀನಿ."

*

ಸ್ಟುಡಿಯೋದ ಕೆಂಪು ದೀಪದಡಿ ತೊಳೆಯುವ ದ್ರಾವಣದಲ್ಲಿ ಕಾಗದದ ಮೇಲೆ ನಿಧಾನವಾಗಿ ಚಿತ್ರ ಮೂಡಿತು. ಎಡಮಡಿಕೆ ಮೇಲೆ ಬಂತು. ಅಜ್ಜಿ ಮತ್ತೆ ಬದುಕಿದಳು. ಸರಿಯಾಯಿತೇನೋ ಎಂದು ಕೇಳಲು ವಲೇರಿಯನ್ ಹಿಂದೆ ತಿರುಗಿದ. ಮೇಷ್ಟ್ರು ಕೂರುತ್ತಿದ್ದ ಸ್ಟೂಲು ಬರಿದಾಗಿತ್ತು.