ಕೊಡಲಿಗೆ ಹೊಸ ಕಾವು

ದಾರದ ಒಂದು ತುದಿಯನ್ನು ಮಂಚದಲ್ಲಿ ಮಲಗಿದ್ದ ತಾತನ ಮೊಣಕೈಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಮುಷ್ಟಿಯವರೆಗೆ ಎಳೆದು ಧನುಶ್ರೀ ಗಂಟು ಹಾಕಿದಳು. ಅಷ್ಟರಲ್ಲಿ ಅವ್ವ ಗಂಜಿ ಬಟ್ಟಲು ಹಿಡಿದು ಒಳಗೆ ಬಂದಳು.

“ಏನಮ್ಮಿ ಮಾಡ್ತಿದ್ದೀ ಅಲ್ಲಿ?”

“ಏನಿಲ್ಲ ಕಣವ್ವ. ತಾತನ್ ಕೈ ಅಳ್ತೆ ತಕತಿದ್ದೆ.”

ಅವ್ವ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು. ಗಂಜಿ ಅರ್ಧ ಚೆಲ್ಲಿತು. ಅದನ್ನು ನೋಡದೆ ಬಂದು ಧನುಶ್ರೀ ಕೈಯಿಂದ ದಾರ ಕಿತ್ತುಕೊಂಡಳು.

“ಮನಗಿರೋರ್ನ ದಾರದಲ್ಲಿ ಅಳೀತಾರೇನಮ್ಮಿ? ಅಂಗೆ ಯಾರ್ನ ಅಳೀತಾರೆ ಗೊತ್ತಾ? ಉಸ್ರು ಓದೋರ್ನ. ಗುಂಡಿ ತೆಗಿಯಾಕೆ ಮುಂಚೆ.”

ಅವ್ವ ಬಾಗಿಲ ಬಳಿ ಹೋಗಿ ದಾರವನ್ನು ಅಂಗಳಕ್ಕೆ ಎಸೆದಳು. ಧನುಶ್ರೀ ತಿರುಗಿ ನೋಡಿದರೆ ತಾತನ ಕಣ್ಣು ತೆರೆದೇ ಇತ್ತು. ಅವನು ನಿದ್ದೆ ಮಾಡಿರಲೇ ಇಲ್ಲ. ಎಲ್ಲ ಕೇಳಿಸಿಕೊಂಡಿದ್ದ. ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡ.

ಪಾಪ, ಧನುಶ್ರೀಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವಳು ಅಳೆಯಲು ಹೋಗಿದ್ದು ಒಂದು ಕೊಡಲಿಗಾಗಿ.

ಅಜ್ಜೀಪುರದಲ್ಲಿ ನಂಜಯ್ಯ ತಾತನ ಆ ಪುಟ್ಟ ಕೊಡಲಿಯನ್ನು ಅರಿಯದವರಿಲ್ಲ. ಪ್ರತಿ ಶಿವರಾತ್ರಿಗೂ ಊರಿನ ಗುಂಪು ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಡುತ್ತದೆ. ಕೌದಳ್ಳಿ ದಾಟಿ, ತಾಳಬೆಟ್ಟದಲ್ಲಿ ಇಳಿದುಕೊಂಡು, ಅಲ್ಲೇ ಅಡುಗೆ. ಸೌದೆ ಸೀಳಿ ಒಲೆ ಹೂಡುವವನು ತಾತ. ಅಪ್ಪನ ಗೂಡ್ಸ್ ಆಟೋದಲ್ಲಿ ಸೌದೆ, ಪಾತ್ರೆ ಎಲ್ಲ ಹಿಂದೆ ಬರುತ್ತವೆ. ಕೊಡಲಿ ಮಾತ್ರ ತಾತನ ಸೊಂಟದಲ್ಲೇ. “ಬಟ್ಟೆ ಮರ್ತರೂ ಇದ ಮರೀಬಾರ್ದು” ಅನ್ನುತ್ತಿದ್ದ.

“ಐದ್ನೇ ಕ್ಲಾಸ್ಗೆ ಬಾ ಕೂಸೇ, ನಿನ್ನೂ ನಡಿಸ್ಕಂಡು ಓಯ್ತೀನಿ” ಎಂದು ಮಾತು ಕೊಟ್ಟಿದ್ದ. ಧನುಶ್ರೀ ಐದನೇ ಕ್ಲಾಸಿಗೆ ಬಂದಳು. ಆದರೆ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ತಾತನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಮಾತು ಕೇಳುವುದನ್ನು ಬಿಟ್ಟವು. ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತು. ಆಸ್ಪತ್ರೆಯವರು ಹಿಸುಕುವುದಕ್ಕೆ ಒಂದು ಹಳದಿ ಸ್ಪಂಜಿನ ಬಾಲ್ ಕೊಟ್ಟು ಕಳಿಸಿದರು. “ಎಕ್ಸರ್ಸೈಜ್ ಮಾಡು ತಾತ” ಎಂದು ಧನುಶ್ರೀ ದಿನಾ ಅದನ್ನು ತಾತನ ಬಲಗೈಯಲ್ಲಿ ಇಡುತ್ತಿದ್ದಳು. ಬಾಲು ದಿನಾ ಉರುಳಿ ಮಂಚದ ಕೆಳಗೆ ಹೋಗುತ್ತಿತ್ತು.

ದಿನಾ ಮಲಗುವ ಮುಂಚೆ ಅವಳದು ಒಂದೇ ಪ್ರಶ್ನೆ. “ತಾತ, ಈ ಸಲ ಬೆಟ್ಟಕ್ಕೆ ಬತ್ತೀಯ ಅಲ್ವಾ?”

ತಾತ “ಊಂ” ಅನ್ನುತ್ತಿದ್ದ. ಅಷ್ಟು ಸಾಕಿತ್ತು ಅವಳಿಗೆ.

ಹೀಗಿರುವಾಗ ಕಳೆದ ಭಾನುವಾರ ಮೂಲೆಯಲ್ಲಿದ್ದ ಕೊಡಲಿಯನ್ನು ಎತ್ತಿದಳು. ಅಲಗು ಮಾತ್ರ ಕೈಗೆ ಬಂತು. ಹಿಡಿಯುವ ಮರದ ಕಾವು ಪುಡಿಪುಡಿಯಾಗಿ ಉದುರಿಹೋಯಿತು. ಗೆದ್ದಲು! ದೇವರ ಕೆಲಸದ ಕೊಡಲಿ ಎಂದು ಗೆದ್ದಲಿಗೇನು ಗೊತ್ತು? ತಾತ ಮಲಗಿದ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ, ಅದಕ್ಕೆ ಪುರುಸೊತ್ತಾಗಿ ಕೂತು ತಿಂದಿತ್ತು.

ಧನುಶ್ರೀ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಒಲೆಯ ಮೇಲಿನ ಅಟ್ಟದಿಂದ ಒಂದು ಮರದ ತುಂಡು ಇಳಿಸಿದಳು. ಮುಂದೆ ಕಾವಿಗೆ ಆಗುತ್ತದೆ ಎಂದು ತಾತ ಅಲ್ಲಿ ಹೊಗೆಗೆ ಒಣಗಲು ಇಟ್ಟಿದ್ದ ದಿಂಡಿಗ ಮರದ ತುಂಡು ಅದು. ಹೊಸ ಕಾವು ಬಂದರೆ ತಾತ ಏಳುತ್ತಾನೆ ಎಂದು ಅವಳ ಮನಸ್ಸು ಹೇಳುತ್ತಿತ್ತು. ಯಾಕೆ ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ.

ಮರಗೆಲಸದ ಚಿನ್ನಸ್ವಾಮಿ ತುಂಡನ್ನು ತಿರುಗಿಸಿ ನೋಡಿ ಕೇಳಿದ್ದ, “ಯಾರ ಕೈಗಮ್ಮಿ?”

“ತಾತನ್ ಕೈಗೆ.”

ಚಿನ್ನಸ್ವಾಮಿ ತುಂಡನ್ನು ಪಕ್ಕಕ್ಕಿಟ್ಟ. “ಮೊಣಕೈಯಿಂದ ಮುಷ್ಟಿಗಂಟ ಅಳ್ತೆ ತಕಂಡು ಬಾ. ಒಬ್ರ ಕಾವು ಇನ್ನೊಬ್ರ ಕೈಗೆ ಕೂರಕಿಲ್ಲ” ಎಂದ.

ಅದಕ್ಕೇ ದಾರ. ಅದಕ್ಕೇ ಈ ರಾದ್ಧಾಂತ.

ಅವ್ವ ಚೆಲ್ಲಿದ ಗಂಜಿ ಒರೆಸುತ್ತಿದ್ದಾಗ ಧನುಶ್ರೀ ಅಂಗಳಕ್ಕೆ ಇಳಿದಳು. ದಾರ ದಾಸವಾಳದ ಗಿಡಕ್ಕೆ ಸಿಕ್ಕಿಕೊಂಡಿತ್ತು. ಮುಟ್ಟಲೋ ಬೇಡವೋ ಎಂದು ನಿಂತಳು. ಕೊನೆಗೆ ಎತ್ತಿ ಸ್ಕೂಲ್ ಬ್ಯಾಗಿಗೆ ಹಾಕಿಕೊಂಡಳು.

ಮಾರನೇ ದಿನ ಕ್ಲಾಸಿನಲ್ಲಿ ಮಿಸ್ಸು ಏನು ಪಾಠ ಮಾಡಿದರೋ ಅವಳಿಗೆ ಒಂದಕ್ಷರ ತಲೆಗೆ ಹೋಗಲಿಲ್ಲ. ಬ್ಯಾಗಿನ ಒಳಗೆ ಹಾವು ಇಟ್ಟುಕೊಂಡಂತೆ ಆಗಿತ್ತು. ನಾನು ಅಳೆದಿದ್ದರಿಂದಲೇ ತಾತನಿಗೆ ಏನಾದರೂ ಆಗಿಬಿಟ್ಟರೆ? ಈಗಲೇ ಆಗಿದ್ದರೆ? ಪಕ್ಕದಲ್ಲಿ ಕೂತಿದ್ದ ಮಾಲಿನಿ, “ಯಾಕೆ, ವಟ್ಟೆ ನೋವಾ?” ಎಂದು ಕೇಳಿದಳು. ಧನುಶ್ರೀ ಹೂಂ ಎಂದು ತಲೆಯಾಡಿಸಿದಳು.

ಸಂಜೆ ಮೊದಲು ಮನೆಗೆ ಓಡಿ ಕಿಟಕಿಯಲ್ಲಿ ಇಣುಕಿದಳು. ತಾತನ ಎದೆ ಮೇಲೆ ಕೆಳಗೆ ಆಡುತ್ತಿತ್ತು. ಅದನ್ನು ಚೆನ್ನಾಗಿ ನೋಡಿಕೊಂಡ ಮೇಲೆಯೇ ದಾರ ಕೊಡಲು ಚಿನ್ನಸ್ವಾಮಿಯ ಹತ್ತಿರ ಹೋದಳು.

ಶನಿವಾರ ಕಾವು ತಯಾರಾಯಿತು. ನುಣ್ಣಗೆ, ಹಿಡಿಯುವ ಕಡೆ ಒಂದಿಷ್ಟು ಬಾಗಿಸಿ ಕೆತ್ತಿದ್ದ. ಅಲಗು ಕೂರುವ ತುದಿಯಲ್ಲಿ ಸೀಳು ಬಿಟ್ಟಿದ್ದ.

“ಮೊದ್ಲು ಕೈಗೆ ಕೂರ್ತದಾ ನೋಡ್ಕಳಿ. ಆಮೇಕೆ ಅಲಗು ಕೂರ್ಸಿ. ನಿಮ್ ತಾತನ್ಗೆ ಎಲ್ಲಾ ಗೊತ್ತು” ಎಂದ ಚಿನ್ನಸ್ವಾಮಿ.

ಧನುಶ್ರೀ ಕಾವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ತಾತನ ಮಂಚದ ಹತ್ತಿರ ಬಂದಳು. ಅವ್ವ ಆಗಷ್ಟೇ ತಾತನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದಳು.

“ತಾತ, ನೋಡಿಲ್ಲಿ.”

ತಾತನ ಕಣ್ಣು ಅರಳಿತು. ಎಡಗೈಯಲ್ಲಿ ಕಾವನ್ನು ಹಿಡಿದು, ಹೆಬ್ಬೆರಳಿನಿಂದ ಉದ್ದಕ್ಕೂ ಸವರಿದ. ಮೂಗಿನ ಹತ್ತಿರ ಹಿಡಿದು ಮೂಸಿದ. “ದಿಂಡಿಗ” ಎಂದ. ಆ ಒಂದು ಪದ ಅವನ ಬಾಯಿಂದ ಸರಿಯಾಗಿ ಬಂತು.

“ಬಲಗೈಲಿ ಇಡ್ಕೊ ತಾತ.”

“ಬ್ಯಾಡ ಸುಮ್ನಿರಮ್ಮಿ” ಎಂದಳು ಅವ್ವ ಮೆಲ್ಲಗೆ.

ತಾತ ಕಾವನ್ನು ಬಲ ಅಂಗೈ ಮೇಲೆ ಇಟ್ಟ. ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದ. ತಾತ ಎಡಗೈ ತೆಗೆದ.

ಬೆರಳು ಬಿಚ್ಚಿಕೊಂಡವು. ಕಾವು ಮಡಿಲಿಗೆ ಜಾರಿ, ಅಲ್ಲಿಂದ ನೆಲಕ್ಕೆ ಬಿತ್ತು.

ಧನುಶ್ರೀ ಎತ್ತಿಕೊಟ್ಟಳು. ತಾತ ಮತ್ತೆ ಬೆರಳು ಮಡಚಿದ. ಅದು ಮತ್ತೆ ಬಿತ್ತು. ಈ ಸಲ ಎತ್ತಿಕೊಡಲು ಅವಳ ಕೈ ಬರಲಿಲ್ಲ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಅಡುಗೆಮನೆ ಕಡೆ ನೋಡುತ್ತ ನಿಂತಳು.

“ಉದ್ದ ಆಯ್ತು” ಎಂದ ತಾತ.

“ಇಲ್ಲ ತಾತ, ಸರ್ಯಾಗದೆ. ನಿನ್ ಕೈ ಅಳ್ತೇನೇ ಕೊಟ್ಟಿದ್ದು.”

“ಅದ್ಕೇ... ಉದ್ದ.” ತಾತ ಉಸಿರು ತೆಗೆದುಕೊಂಡ. “ನಿನ್ ಕೈ... ಚಾಚು.”

ಧನುಶ್ರೀಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಲಂಗದ ಹಿಂದೆ ಮುಚ್ಚಿಕೊಂಡಳು.

“ನಂಗ್ ಬ್ಯಾಡ. ಅದು ನಿನ್ ಕೊಡ್ಲಿ. ನಿಂಗೇ ಅಂತ ಮಾಡ್ಸಿದ್ದು ನಾನು.”

ಅವಳ ಕಣ್ಣಿಂದ ನೀರು ಇಳಿಯಿತು. ಅವಳಿಗೆ ಭಯವೂ ಆಗಿತ್ತು. ಮತ್ತೆ ಅಳತೆ. ಮತ್ತೆ ಆ ದಾರ. ತಾತನಿಗೆ ಅದು ಹೇಗೆ ತಿಳಿಯಿತೋ, ಎಳೆದುಕೊಂಡ ಬಾಯಿಯಲ್ಲೇ ನಗಲು ನೋಡಿದ.

“ಎದ್ರಬ್ಯಾಡ ಕೂಸೇ. ನಿಂತಿರೋರ್ನ... ಅಳ್ದ್ರೆ... ಏನೂ ಆಗಕಿಲ್ಲ.”

ಆಮೇಲೆ ಅವ್ವನೇ ಬಂದು ಧನುಶ್ರೀಯ ಬಲಗೈ ಹಿಡಿದು ತಾತನ ಮುಂದೆ ಚಾಚಿಸಿದಳು. ತಾತ ಕಾವಿನ ಸೀಳಿದ್ದ ತುದಿಯನ್ನು ಅವಳ ಮೊಣಕೈಗೆ ಕೊಟ್ಟು ಹಿಡಿದು, ಅವಳ ಮುಷ್ಟಿ ಬಂದ ಕಡೆ ಹೆಬ್ಬೆರಳು ಒತ್ತಿದ. ಅವ್ವ ಅಲ್ಲಿಗೆ ಇದ್ದಿಲಿನಿಂದ ಗೆರೆ ಎಳೆದಳು. ಗೆರೆಯಿಂದ ಆಚೆಗೆ ನಾಲ್ಕು ಬೆರಳು ಮರ ಉಳಿಯಿತು.

ಅವ್ವ ಕಾವನ್ನು ಮೆಟ್ಟಿಲ ಮೇಲೆ ಕಾಲಲ್ಲಿ ಒತ್ತಿ ಹಿಡಿದಳು. ಧನುಶ್ರೀ ಗರಗಸ ಆಡಿಸಿದಳು. ದಿಂಡಿಗ ಗಟ್ಟಿ ಮರ, ಬೇಗ ಬಗ್ಗುವುದಲ್ಲ. ತೋಳು ನೋಯುತ್ತಿತ್ತು. ತಾತನ ಕೈ ಅಳತೆಯನ್ನು ನಾನೇ ಕೊಯ್ಯುತ್ತಿದ್ದೇನಲ್ಲ ಎಂದು ನಡುವೆ ಎರಡು ಸಲ ಗರಗಸ ನಿಲ್ಲಿಸಿದಳು. ಕೊನೆಗೆ ತುಂಡು ಟಕ್ಕನೆ ಬಿದ್ದು ಅಂಗಳಕ್ಕೆ ಉರುಳಿತು.

“ಅದ ಎಸೀಬ್ಯಾಡ” ಎಂದ ತಾತ ಒಳಗಿನಿಂದ. “ಬೆಣೆ... ಮಾಡು.”

ಅವ್ವ ಮಚ್ಚಿನಲ್ಲಿ ಆ ತುಂಡನ್ನು ಸೀಳಿ, ಒಂದು ಕಡೆ ತೆಳ್ಳಗೆ ಇನ್ನೊಂದು ಕಡೆ ದಪ್ಪಗೆ ಚಿಕ್ಕ ಬೆಣೆ ಕೆತ್ತಿದಳು. ತಾತ ಮಾತಿಗೊಂದು ಉಸಿರು ತೆಗೆದುಕೊಳ್ಳುತ್ತ ಹೇಳಿಕೊಟ್ಟ. ಅಲಗಿನ ತೂತಿಗೆ ಕಾವು ತೂರಿಸು. ನೆಟ್ಟಗೆ ಹಿಡಿದು ಬುಡವನ್ನು ಕಲ್ಲಿಗೆ ಕುಟ್ಟು. ಧನುಶ್ರೀ ಕುಟ್ಟಿದ ಹಾಗೆಲ್ಲ ಅಲಗು ಬಿಗಿಯಾಗಿ ಕೆಳಗೆ ಇಳಿಯಿತು. ಆಮೇಲೆ ಸೀಳಿನಲ್ಲಿ ಬೆಣೆ ಇಟ್ಟು ಸುತ್ತಿಗೆಯಿಂದ ಬಡಿದಳು. ಬೆಣೆ ಪೂರಾ ಒಳಗೆ ಹೋಗಿ ಕೂತಿತು.

ಒಳಗೆ ತಂದುಕೊಟ್ಟಾಗ ತಾತ ಎಡಗೈಯಲ್ಲಿ ಅಲಗು ಹಿಡಿದು ಅಲ್ಲಾಡಿಸಿ ನೋಡಿದ. ಅದು ಒಂದಿಷ್ಟೂ ಅಲುಗಲಿಲ್ಲ.

“ಇಡ್ಕೊ” ಎಂದು ಧನುಶ್ರೀ ಕಡೆ ನೀಡಿದ.

ಅವಳು ಹಿಡಿದುಕೊಂಡಳು. ಕಾವು ಅವಳ ಕೈಗೆ ಎಷ್ಟು ಸರಿಯಾಗಿ ಕೂತಿತು ಎಂದರೆ ಅವಳಿಗೆ ಮತ್ತೆ ಅಳು ಬಂತು.

ರಾತ್ರಿ ಊಟವಾದ ಮೇಲೆ ಧನುಶ್ರೀ ಮಂಚದ ಕೆಳಗಿನಿಂದ ಹಳದಿ ಬಾಲು ತೆಗೆದು ತಾತನ ಕೈಯಲ್ಲಿ ಇಟ್ಟಳು. ಉರುಳಿ ಹೋಗದ ಹಾಗೆ ತನ್ನ ಕೈಯನ್ನೂ ಮೇಲೆ ಮುಚ್ಚಿ ಹಿಡಿದುಕೊಂಡಳು. ಅವಳು ದಿನಾ ಕೇಳುವ ಮಾತಿಗೆ ತಾತ ಕಾಯುತ್ತಿದ್ದ. “ಊಂ” ಅನ್ನಲು ಗಂಟಲು ಸರಿ ಮಾಡಿಕೊಂಡಿದ್ದ.

ಅವಳು ಅದನ್ನು ಕೇಳಲಿಲ್ಲ.

“ತಾತ,” ಎಂದಳು, “ತಾಳಬೆಟ್ಟದಲ್ಲಿ ಒಲೆ ಯಾವ್ ಕಡೆ ಮಕ ಮಾಡಿ ಊಡ್ಬೇಕು?”

ತಾತ ಅವಳ ಕಡೆ ತಿರುಗಿದ. ಆಮೇಲೆ ನಿಧಾನವಾಗಿ ಹೇಳಲು ಶುರುಮಾಡಿದ.

“ಗಾಳಿ... ಎತ್ಲಿಂದ ಬತ್ತದೆ... ಮೊದ್ಲು ಅದ ನೋಡು...”