ಎರಡನೆಯ ತತ್ತಿ

ಯಂತ್ರ ಒಂದು ಹನಿ ರಕ್ತ ಹೀರಿಕೊಂಡು ಹನ್ನೊಂದು ನಿಮಿಷ ಸುಮ್ಮನಿತ್ತು. ಆಮೇಲೆ ನೀಲಗಂಗಾಳ ಬಾಲ್ಯ ಪರದೆಯ ಮೇಲೆ ಒಂದೊಂದೇ ಸಾಲಾಗಿ ಮೂಡತೊಡಗಿತು.

ಮೂರನೇ ವರ್ಷ, ದಡಾರ. ಆರನೇ ವರ್ಷ, ಸೀತಾಳೆ ಸಿಡುಬು. ಹನ್ನೊಂದನೇ ವರ್ಷ, ಡೆಂಗಿ. ಹದಿನಾರನೇ ವರ್ಷ, ಟೈಫಾಯ್ಡ್.

ಕೊನೆಯ ಸಾಲು ಕಂಡು ಡಾಕ್ಟರ್ ದಾನೇಶ್ವರಿ ಹೂಗಾರ ಕೂತಲ್ಲೇ ನಕ್ಕಳು. ಆ ಟೈಫಾಯ್ಡು ಎಲ್ಲಿಂದ ಬಂತೆಂದು ಯಂತ್ರಕ್ಕೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಗದಗಿನ ಸರ್ಕಾರಿ ಹಾಸ್ಟೆಲ್ಲಿನ ಮಾಳಿಗೆ ಮೇಲೆ ಮುಚ್ಚಳವಿಲ್ಲದ ನೀರಿನ ಟಾಕಿ. ಅದರೊಳಗೆ ಸತ್ತು ಉಬ್ಬಿದ ಪಾರಿವಾಳ. ಆ ನೀರನ್ನು ನೂರಾ ಹದಿನೆಂಟು ಹುಡುಗಿಯರು ಒಂದು ವಾರ ಕುಡಿದಿದ್ದರು. ಇಪ್ಪತ್ತಾರು ಜನ ಜ್ವರ ಬಂದು ಮಲಗಿದರು. ದಾನೇಶ್ವರಿ, ನೀಲಗಂಗಾ ಇಬ್ಬರಿಗೂ ಒಂದೇ ಚಾಪೆ, ಒಂದೇ ಗಂಜಿ ಲೋಟ. ಜ್ವರ ಇಳಿಯುವ ಹೊತ್ತಿಗೆ ನೀಲಿ ಅಂತ್ಯಾಕ್ಷರಿಯಲ್ಲಿ ಇಡೀ ಕೋಣೆಯನ್ನು ಸೋಲಿಸಿದ್ದಳು.

ಹುಬ್ಬಳ್ಳಿಯ ಕ್ಯಾನ್ಸರ್ ಸಂಶೋಧನಾಲಯದಲ್ಲಿ ಆ ಯಂತ್ರಕ್ಕೆ ಸ್ಮೃತಿಮಾಪಕ ಎಂದು ಹೆಸರು. ಜನ ನೆನಪಿನ ಪೆಟ್ಟಿಗೆ ಅನ್ನುತ್ತಿದ್ದರು. ರೋಗ ಬಂದಾಗ ಮೈಯೊಳಗೆ ಕೋಟಿಗಟ್ಟಲೆ ಬಿಳಿ ರಕ್ತಕಣಗಳು ಎದ್ದು ಕಾದಾಡುತ್ತವೆ. ಕಾದಾಟ ಮುಗಿದ ಮೇಲೆ ಬಹುಪಾಲು ಸಾಯುತ್ತವೆ. ಕೆಲವು ಮಾತ್ರ ವೈರಿಯ ಮುಖ ನೆನಪಿಟ್ಟುಕೊಂಡು ಕಾವಲುಗಾರರಾಗಿ ಉಳಿಯುತ್ತವೆ, ಐವತ್ತು ಅರವತ್ತು ವರ್ಷ. ಪೆಟ್ಟಿಗೆ ಪ್ರತಿ ಕಾವಲುಗಾರನನ್ನೂ ತಡೆದು, ಯಾರ ಮುಖ ನೆನಪಿದೆ, ಯಾವ ವಯಸ್ಸಿನಲ್ಲಿ ಕಲಿತೆ ಎಂದು ಕೇಳಿ ಬರೆದುಕೊಳ್ಳುತ್ತದೆ. ಲಸಿಕೆ ಹಾಕಿಸಿಕೊಂಡದ್ದನ್ನೂ ಬಿಡುವುದಿಲ್ಲ.

ಕ್ಯಾನ್ಸರಿಗೆ ಇದರಿಂದ ಮದ್ದು ಸಿಕ್ಕಿತ್ತು. ಕ್ಯಾನ್ಸರ್ ಕಣ ಹೊರಗಿನದಲ್ಲ, ಮನೆಯ ಮಗನೇ ಕೆಟ್ಟ ಹಾಗೆ. ಕಾವಲುಗಾರ ಅವನನ್ನು ತಡೆಯುವುದಿಲ್ಲ. ಆದ್ದರಿಂದ ಹಳೇ ಜ್ವರವೊಂದನ್ನು ಗೆದ್ದ ಗಟ್ಟಿ ಕಾವಲುಗಾರನನ್ನು ಆರಿಸಿ ಹೊರತೆಗೆದು, ಗಡ್ಡೆಯ ಗುರುತು ಕಲಿಸಿ, ಕೋಟಿಯಾಗಿ ಬೆಳೆಸಿ ಮತ್ತೆ ಮೈಗೆ ಬಿಡುತ್ತಾರೆ. ಎಳೇ ವಯಸ್ಸಿನಲ್ಲಿ ತೆಗೆದಿಟ್ಟ ಕಣಗಳಾದರೆ ಹತ್ತರಲ್ಲಿ ಎಂಟು ಜನ ಉಳಿಯುತ್ತಾರೆ. ರೋಗಿಯ ಇವತ್ತಿನ ದಣಿದ ಕಣಗಳಾದರೆ ನಾಲ್ಕು.

ಎದೆಯ ಗಡ್ಡೆಯ ಚಿಕಿತ್ಸೆಗೆ ಬಂದ ನೀಲಗಂಗಾ ಆ ಮಟ್ಟಿಗೆ ಪುಣ್ಯವಂತೆ. ಮೂವತ್ತೊಂದು ವರ್ಷದ ಹಿಂದೆ, ೨೦೩೦ರಲ್ಲಿ, ಹಾಸ್ಟೆಲ್ಲಿಗೆ ಬಂದ ಆರೋಗ್ಯ ಶಿಬಿರದಲ್ಲಿ ತೆಗೆದ ರಕ್ತ ಅವಳ ಹೆಸರಿನ ಸೀಸೆಯಲ್ಲಿ ಹಿಮಗಟ್ಟಿ ಕೂತಿತ್ತು. ಬೆಳಿಗ್ಗೆ ಅದನ್ನು ಕರಗಿಸಿ ಪೆಟ್ಟಿಗೆಗೆ ಹಾಕಿದ್ದರು. ಆ ಪಟ್ಟಿ ಈಗ ಪಕ್ಕದ ಪರದೆಯಲ್ಲಿ ಬಂತು.

"ಮೇಡಂ, ಇದನ್ನ ಸ್ವಲ್ಪ ನೋಡ್ರಿ" ಅಂದ ಕಟ್ಟಿಮನಿ. ನಿವೃತ್ತಿಗೆ ಎಂಟು ತಿಂಗಳಿದ್ದ ತಂತ್ರಜ್ಞ, ಯಂತ್ರದ ಮೇಲೆ ಅವನಿಗೆ ಎಂದೂ ನಂಬಿಕೆ ಇರಲಿಲ್ಲ. "ಟೈಫಾಯ್ಡ್ ಎರಡರಾಗೂ ಐತಿ. ಆದ್ರ ಹಳೇ ರಕ್ತದಾಗ ಡೆಂಗಿ ಇಲ್ಲ. ಮ್ಯಾಲ ಒಂಬತ್ತನೇ ವರ್ಷ ನಾಯಿಕಡಿತದ ಲಸಿಕೆ ಅಂತ ತೋರಸಾಕತ್ತೈತಿ. ಹೊಸಾ ರಕ್ತದಾಗ ನಾಯೀನ ಇಲ್ಲ!"

ದಾನೇಶ್ವರಿಯ ನಗು ನಿಂತಿತು. ಅವಳ ಕೈ ತಾನಾಗಿ ಎಡಗಾಲಿನ ಮೀನಖಂಡಕ್ಕೆ ಹೋಯಿತು. ಅಲ್ಲಿ ನಾಲ್ಕು ಹಲ್ಲಿನ ಗುರುತು ಈಗಲೂ ಕೈಗೆ ಸಿಗುತ್ತಿತ್ತು.

ಒಂಬತ್ತನೇ ವರ್ಷ ಅವಳನ್ನು ಕಚ್ಚಿದ್ದು ಕಟುಕರ ಅಂಗಡಿ ಮುಂದಿನ ಕಂದು ನಾಯಿ. ಅಪ್ಪ ಸೈಕಲ್ಲಿನ ಮೇಲೆ ಕೂರಿಸಿಕೊಂಡು ತಿಂಗಳೊಳಗೆ ಐದು ಸಲ ದವಾಖಾನೆಗೆ ಒಯ್ದಿದ್ದ. ಅಲ್ಲಿಂದ ಮುಂದೆ ಸೂಜಿ ಅಂದರೆ ಅವಳಿಗೆ ಸೊಳ್ಳೆ ಕಡಿದ ಲೆಕ್ಕ. ನೀಲಿಗೆ ಹಾಗಲ್ಲ. ಸೂಜಿಯ ಹೆಸರು ಕೇಳಿದರೆ ತುಟಿ ಬೆಳ್ಳಗಾಗುತ್ತಿತ್ತು. ಶಿಬಿರದ ದಿನ ಅವಳು ಕಕ್ಕಸಿನೊಳಗೆ ಚಿಲಕ ಹಾಕಿಕೊಂಡು ಕೂತಿದ್ದಳು.

ಹಾಸ್ಟೆಲ್ಲಿನಲ್ಲಿ ಒಬ್ಬಳ ಹೆಸರಿಗೆ ಇನ್ನೊಬ್ಬಳು ಹಾಜರ್ ಅನ್ನುವುದು ಉಸಿರಾಡಿದಷ್ಟು ಸಹಜವಾಗಿತ್ತು. ಸಂಜೆ ಏಳಕ್ಕೆ ವಾರ್ಡನ್ ಹೆಸರು ಕೂಗಿದರೆ, ಊರಿಗೆ ಹೋದವಳಿಗೂ ಮಲಗಿದವಳಿಗೂ ಯಾರದೋ ಗಂಟಲು ಹಾಜರಿರುತ್ತಿತ್ತು. ಹೇಳದವಳು ಗೆಳತಿಯೇ ಅಲ್ಲ. ದಾನೇಶ್ವರಿ ಮೊದಲು ತನ್ನ ಹೆಸರಿಗೆ ರಕ್ತ ಕೊಟ್ಟಳು. ಆಮೇಲೆ ನೀಲಿಯ ಕೆಂಪು ಸ್ವೆಟರ್ ತೊಟ್ಟು, ನೀಲಿಯ ಚೀಟಿ ಹಿಡಿದು, ಸಾಲಿನ ಕೊನೆಗೆ ಮತ್ತೆ ನಿಂತು ಬಲಗೈ ಚಾಚಿದಳು.

ಗೆಳೆತನಕ್ಕೆ ಮಾಡಿದೆ ಎಂದು ಬಹಳ ವರ್ಷ ಅಂದುಕೊಂಡಿದ್ದಳು. ನಿಜ ಅದಲ್ಲ. ರಕ್ತ ಕೊಟ್ಟವರಿಗೆ ಒಂದು ಬಾಳೆಹಣ್ಣು, ಒಂದು ಕುದಿಸಿದ ತತ್ತಿ ಕೊಡುತ್ತಿದ್ದರು. ಹಾಸ್ಟೆಲ್ಲಿನಲ್ಲಿ ತತ್ತಿ ಬರುವುದು ನಿಂತು ನಾಲ್ಕು ತಿಂಗಳಾಗಿತ್ತು. ಅವಳಿಗೆ ಎರಡನೆಯ ತತ್ತಿ ಬೇಕಿತ್ತು, ಅಷ್ಟೇ. ಉಪ್ಪು ಹಚ್ಚಿ ಬಾಯಿಗೆ ಇಡುವಾಗ ನೀಲಿ ಕಕ್ಕಸಿನಿಂದ ಹೊರಗೆ ಬಂದು, "ಲೇ, ನನ್ನ ಹೆಸರಿನ ತತ್ತಿ ಅದು, ಅರ್ಧಾ ಕೊಡು" ಎಂದು ಕಿತ್ತುಕೊಂಡಿದ್ದಳು.

ಎರಡು ತಿಂಗಳಾದ ಮೇಲೆ ಅಪಾಯಪತ್ರಗಳು ಬಂದವು. ರಕ್ತದಿಂದ ಹುಟ್ಟುಗುಣಗಳನ್ನು ಓದಿ, ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು ಹೇಳುವ ಕಾಗದ. ದಾನೇಶ್ವರಿಗೆ ಆರು. ನೀಲಗಂಗಾಳಿಗೂ ಆರು. ವಾರ್ಡನ್ ಎರಡನ್ನೂ ನೋಡಿ, "ಇದರಾಗೂ ಕಾಪಿ ಹೊಡದ್ರ್ಯಾ?" ಎಂದು ಬೈದಿದ್ದಳು. ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕಿದ್ದರು.

"ಮೂವತ್ತು ವರ್ಷದ ರಕ್ತ ನೋಡ್ರಿ" ಕಟ್ಟಿಮನಿ ಹೇಳುತ್ತಿದ್ದ. "ಮಾದರಿ ಕೆಟ್ಟೈತಿ ಅಂತ ಬರದ್ರ ಆತು. ಇವತ್ತಿನ ಕಣದಾಗ ಚಿಕಿತ್ಸಾ ಮಾಡೋಣು."

ಬರೆದರೆ ಮುಗಿಯುತ್ತಿತ್ತು. ದಾನೇಶ್ವರಿ ಎರಡು ಸಲ ಬೆರಳನ್ನು ಅಕ್ಷರಗಳ ಮೇಲೆ ಇಟ್ಟಳು. ಬೇರೆಯವರ ಕಣ ನೀಲಿಯ ಮೈಗೆ ಹೋಗಿದ್ದರೆ ಅವಳನ್ನೇ ತಿನ್ನುತ್ತಿತ್ತು, ಆ ಅನಾಹುತ ಹೇಗೂ ತಪ್ಪಿತ್ತು. ಆದರೆ ಮಾದರಿ ಕೆಟ್ಟಿದೆ ಎಂದು ಬರೆದರೆ ಆರು ಅನ್ನುವ ಅಂಕ ನೀಲಿಯ ಹೆಸರಿನಲ್ಲಿ ಹಾಗೇ ಉಳಿಯುತ್ತದೆ. ಅಂಕ ಹತ್ತರ ಕೆಳಗಿದ್ದವರ ಹೆಣ್ಣುಮಕ್ಕಳನ್ನು ತಪಾಸಣೆಗೆ ಕರೆಯುವ ಪದ್ಧತಿ ಇರಲಿಲ್ಲ. ನೀಲಿಗೆ ಇಪ್ಪತ್ತೆರಡು ವರ್ಷದ ಮಗಳಿದ್ದಳು, ಇಂಚರಾ. ನೀಲಿಯ ಅವ್ವ ಮೂವತ್ತೊಂಬತ್ತಕ್ಕೆ ಇದೇ ಎದೆಯ ಗಡ್ಡೆಯಿಂದ ಸತ್ತವಳು.

ಅವಳು ನೀಲಿಯ ಹೊಸ ರಕ್ತದಿಂದ ಅಂಕವನ್ನು ಮತ್ತೆ ಲೆಕ್ಕ ಹಾಕಿಸಿ ಕುರ್ಚಿಯಿಂದ ಎದ್ದಳು.

ವಾರ್ಡಿನಲ್ಲಿ ನೀಲಗಂಗಾ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಫೋನಿನಲ್ಲಿ ಗದಗಿನ ತನ್ನ ಖಾನಾವಳಿ ನಡೆಸುತ್ತಿದ್ದಳು. "ಝುಣಕಕ್ಕ ಹಿಟ್ಟು ಕಡಿಮಿ ಹಾಕಬ್ಯಾಡ್ರಿ, ನಾ ಸತ್ತಿಲ್ಲಿನ್ನೂ" ಎಂದು ಫೋನ್ ಇಟ್ಟು ಗೆಳತಿಯ ಮುಖ ನೋಡಿದಳು. "ಏನಲೇ ಡಾಕ್ಟರ್, ನನ್ನ ಹೆಣಾ ಎತ್ತೋರಂಗ ಬಂದೀಯಲ್ಲ."

"ನೀಲಿ, ಹಳೇ ಸೀಸೆ ಉಪಯೋಗಕ್ಕ ಬರೂದಿಲ್ಲ."

"ಯಾಕ?"

"ಅದು ನನ್ನ ರಕ್ತ."

ನೀಲಗಂಗಾ ಕಣ್ಣು ಕಿರಿದು ಮಾಡಿದಳು. ಕಕ್ಕಸು, ಕೆಂಪು ಸ್ವೆಟರು, ತತ್ತಿ. ಎಲ್ಲ ಅವಳ ಮುಖದ ಮೇಲೆ ಒಂದೊಂದೇ ಬಂದು ಹೋಯಿತು. ದಾನೇಶ್ವರಿ ನಿಲ್ಲಿಸದೆ ಹೇಳಿದಳು. ಇನ್ನು ಇವತ್ತಿನ ಕಣಗಳೇ ಗತಿ, ಅದರಲ್ಲಿ ಹತ್ತಕ್ಕೆ ನಾಲ್ಕು ಜನ ಉಳಿಯುತ್ತಾರೆ. ಆ ಅಪಾಯಪತ್ರ ಸುಳ್ಳು. ಸರಿಯಾದ ರಕ್ತದಿಂದ ಇವತ್ತು ಲೆಕ್ಕ ಹಾಕಿಸಿದೆ, ನಿನ್ನ ಅಂಕ ಅರವತ್ತೆಂಟು. ಅದು ಗೊತ್ತಿದ್ದಿದ್ದರೆ ಇಪ್ಪತ್ತೈದನೇ ವಯಸ್ಸಿನಿಂದ ವರ್ಷಕ್ಕೊಮ್ಮೆ ನಿನ್ನನ್ನು ಕರೆದು ನೋಡುತ್ತಿದ್ದರು. ಗಡ್ಡೆ ಸಾಸಿವೆಯಷ್ಟಿದ್ದಾಗಲೇ ಸಿಗುತ್ತಿತ್ತು.

"ನಾ ಒಂದು ತತ್ತಿ ಆಸೆಕ್ಕ ಮಾಡಿದೆ. ಸುಳ್ಳ ಯಾಕ ಹೇಳ್ಲಿ" ಎಂದು ಮುಗಿಸಿದಳು.

ನೀಲಗಂಗಾ ಕಿಟಕಿಯತ್ತ ತಿರುಗಿದಳು. ಆಸ್ಪತ್ರೆಯ ಅಡಿಗೆಮನೆಯಿಂದ ಒಗ್ಗರಣೆಯ ವಾಸನೆ ಬಂತು. ಉದ್ಯೋಗದ ಚಟಕ್ಕೆ ಅವಳು ಮೂಗು ಅರಳಿಸಿ, "ಸಾಸಿವಿ ಹೊತ್ತಿಸ್ಯಾರ" ಅಂದಳು. ಆಮೇಲೆ ಹೇಳಿದಳು:

"ನನಗ ಗೊತ್ತಿತ್ತು."

"ಏನ ಗೊತ್ತಿತ್ತು?"

"ರಕ್ತ ನಿಂದು ಅಂತ. ಕಕ್ಕಸಿನ್ಯಾಗ ಕುಂತಾಕಿ ನಾನ ಅಲ್ಲೇನು? ನನ್ನ ನೋಡಾಕ ಬಂದಾಗ ಗಂಡಿನ ಕಡ್ಯಾವ್ರು ಜಾತಕ ಕೇಳಲಿಲ್ಲ, ಅಪಾಯಪತ್ರ ಕೇಳಿದ್ರು. ಅವ್ವ ಹಿಂಗ ಸತ್ತಾಕಿ ಅಂತ ಊರಿಗೆಲ್ಲಾ ಗೊತ್ತು. ಅಪ್ಪ ಆ ಕಾಗದಾ ತಗದು ಇಟ್ಟ. ಆರು! ಅತ್ತಿ ಅದನ್ನ ಕಣ್ಣಿಗೆ ಒತ್ತಿಕೊಂಡ್ಳು. ಅವತ್ತು ನಿನ್ನ ನೆನಪಾಗಿತ್ತು ನೋಡು. ಬಾಯಿ ಬಿಡಬೇಕಂದೆ, ಬಿಡಲಿಲ್ಲ. ಬೇಕಂತ ಮರತೆ. ಒಂದೆರಡು ವರ್ಷ ಬೇಕಂತ ಮರತೆ, ಆಮ್ಯಾಲ ಖರೇನ ಮರತ್ಹೋತು. ಕಾಗದದ ಮ್ಯಾಲ ನನ್ನ ಹೆಸರ ಇತ್ತಲ್ಲ."

ಇಪ್ಪತ್ತು ವರ್ಷ ರಕ್ತದ ನೆನಪನ್ನು ಓದಿದವಳು ದಾನೇಶ್ವರಿ. ತನ್ನ ನೆನಪನ್ನೂ ಅವಳು ಹಾಗೇ ಮುಚ್ಚಿಟ್ಟಿದ್ದಳು. ಬೇಕಂತ ಮರೆಯುವ ವಿದ್ಯೆ ರಕ್ತಕ್ಕೆ ಬರುವುದಿಲ್ಲ, ಅದು ಮನುಷ್ಯರದು.

"ಹತ್ತರಾಗ ನಾಕು ಅಂದ್ಯಲ್ಲ" ನೀಲಗಂಗಾ ಕೇಳಿದಳು. "ಯಾವ ಕಾವಲುಗಾರನ್ನ ಆರಸ್ತೀ?"

"ಟೈಫಾಯ್ಡಿಂದು. ನಿನ್ನ ಮೈಯಾಗ ಅದ ಗಟ್ಟಿ ಉಳದೈತಿ."

"ಪಾರಿವಾಳದ್ದಾ?" ನೀಲಗಂಗಾ ಎದೆ ಹಿಡಿದುಕೊಂಡು ನಕ್ಕಳು. ನಗುವುದಕ್ಕೂ ನೋವಾಗುತ್ತಿತ್ತು. "ಸರ್ಕಾರದ ಹೊಲಸ ನೀರು ಕಡಿಗೂ ಉಪಕಾರಕ್ಕ ಬಂತಲ್ಲೋ ಶಿವನ! ನಾಕು ಇದ್ರ ನಾಕು. ಶಾಣ್ಯಾಕಿಯಂಗ ಅಳಬ್ಯಾಡ, ಹೋಗು. ನನ್ನ ಮಗಳನ್ನ ಕರಿ ಮೊದ್ಲು."

ಮುಂದಿನ ಎರಡು ದಿನ ದಾನೇಶ್ವರಿ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದಳು. ಆ ಶಿಬಿರದ ನೂರಾ ಹದಿನೆಂಟು ಸೀಸೆಗಳಿಂದಲೂ ಒಂದೊಂದು ಹನಿ ಪೆಟ್ಟಿಗೆಗೆ ಹಾಕಿದಳು. ನೂರಾ ಹದಿನೆಂಟು ಹೆಸರುಗಳಲ್ಲಿ ತೊಂಬತ್ತನಾಲ್ಕು ಹುಡುಗಿಯರ ರಕ್ತ ಇತ್ತು. ಕ್ರೀಡೆಯಲ್ಲಿ ಸದಾ ಮುಂದಿದ್ದ ಮುಂಡರಗಿಯ ಬಸಮ್ಮ ಒಬ್ಬಳೇ ಐದು ಸೀಸೆ ತುಂಬಿಸಿದ್ದಳು. ಐದು ತತ್ತಿ. ಪಟ್ಟಿಗಳನ್ನು ಓದುತ್ತ ಹೋದರೆ ಹಾಸ್ಟೆಲ್ಲೇ ಎದ್ದು ಬಂದ ಹಾಗಿತ್ತು. ಮಲೇರಿಯಾದವಳು ತುಂಗಭದ್ರೆಯ ಕಾಲುವೆ ದಂಡೆಯವಳು. ಕಾಮಾಲೆಯವಳು ಯಾವಾಗಲೂ ಹುಣಸೆಹಣ್ಣು ಕದ್ದು ತಿನ್ನುತ್ತಿದ್ದಳು. ಮೂವತ್ತೊಂದು ವರ್ಷ ನೋಡದ ಮುಖಗಳನ್ನು ಅವಳು ಜ್ವರಗಳಿಂದ ಗುರುತು ಹಿಡಿದಳು. ಅವಳಿಗೆ ಆ ಕೋಣೆಗೆ ಒಂದು ಸಂಜೆಯ ಮಟ್ಟಿಗೆ ಹೋಗಿ, ಹಾಜರಿ ಮುಗಿಯುವ ತನಕ ಕೂತು ಬರಬೇಕು ಅನ್ನಿಸಿತು.

ಅದರ ಜೊತೆಗೇ ಇನ್ನೊಂದೂ ಕಂಡಿತು. ನಾಡಿನ ಅಪಾಯದ ಕೋಷ್ಟಕಗಳೆಲ್ಲ ಇಂಥವೇ ಶಿಬಿರಗಳ ಮೇಲೆ ನಿಂತಿದ್ದವು. ಅವಳು ಅಂಕಿಅಂಶ ವಿಭಾಗಕ್ಕೆ ಬರೆದಳು. 'ಇಷ್ಟು ತಪ್ಪನ್ನು ನಾವು ಮೊದಲೇ ಲೆಕ್ಕಕ್ಕೆ ಹಿಡಿದಿದ್ದೇವೆ, ಒಟ್ಟು ಫಲಿತಾಂಶಕ್ಕೆ ಧಕ್ಕೆಯಿಲ್ಲ' ಎಂದು ಉತ್ತರ ಬಂತು. ಅದು ಸುಳ್ಳಲ್ಲ. ಲಕ್ಷ ಜನರ ಲೆಕ್ಕದಲ್ಲಿ ನೀಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ದಾನೇಶ್ವರಿ ಬೇರೆಯವರ ರಕ್ತ ಕೂತಿದ್ದ ಇಪ್ಪತ್ತನಾಲ್ಕು ಹೆಸರುಗಳ ವಿಳಾಸ ಹುಡುಕಿಸಿ ಪತ್ರ ಕಳಿಸಿದಳು. ತನ್ನ ಹೆಸರನ್ನೂ, ತಾನು ತಿಂದದ್ದನ್ನೂ ಮುಚ್ಚಿಡದೆ ಬರೆದಳು. ಕೊನೆಗೆ ಶಿಬಿರಗಳ ಕೈಪಿಡಿಯ ಒಂದು ಸಾಲನ್ನು ತಿದ್ದಿ ಮೇಲಿನವರಿಗೆ ಕಳಿಸಿದಳು: ತತ್ತಿ ಮೊದಲು, ಸೂಜಿ ಆಮೇಲೆ, ಸೂಜಿ ಬೇಡ ಅಂದವರಿಗೂ ತತ್ತಿ. ಹಸಿದವರ ಸಾಲಿನಿಂದ ತೆಗೆದ ರಕ್ತ ಯಾರದೆಂದು ಯಾವ ಯಂತ್ರ ತಾನೇ ಮೊದಲೇ ಹೇಳೀತು?

ಮೂರನೇ ದಿನ ಬೆಳಿಗ್ಗೆ ನೀಲಗಂಗಾಳ ಮೈಯಿಂದ ಪಾಠ ಕಲಿಸಬೇಕಾದ ಕಣಗಳನ್ನು ತೆಗೆದರು. ಅವು ಬೆಳೆದು ಮರಳುವುದಕ್ಕೆ ಮೂರು ವಾರ, ಕೆಲಸ ಮಾಡಿದವೋ ಇಲ್ಲವೋ ತಿಳಿಯುವುದಕ್ಕೆ ಮತ್ತೆ ಆರು ವಾರ. ಸೂಜಿ ಚುಚ್ಚುವಾಗ ಅವಳು ಕಣ್ಣು ಗಟ್ಟಿ ಮುಚ್ಚಿದ್ದಳು, ಆದರೆ ಕೈ ಎಳೆದುಕೊಳ್ಳಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಇಂಚರಾ ಕೂತಿದ್ದಳು. ಅವಳ ತುಟಿಯೂ ಬೆಳ್ಳಗಾಗಿತ್ತು. ಅವ್ವನ ರೋಗದ ಹುಟ್ಟುಗುಣ ಅವಳಿಗೆ ಬಂದಿರಬಹುದು, ಬರದೆಯೂ ಇರಬಹುದು. ಅದು ಈಗ ತಿಳಿಯಬೇಕಿತ್ತು.

"ಮೌಶಿ," ಅವಳು ಅವ್ವನ ಗೆಳತಿಯನ್ನು ಮೆಲ್ಲಗೆ ಕೇಳಿದಳು, "ನನ್ನ ಬದ್ಲಿ ನೀವ ಕೊಟ್ರ ಹೆಂಗ?"

ದಾನೇಶ್ವರಿ ಡಬ್ಬಿ ತೆರೆದು ಸುಲಿದ ತತ್ತಿ, ಚಿಟಿಕೆ ಉಪ್ಪು ಅವಳ ಕೈಗೆ ಇಟ್ಟಳು. ಮಂಚದ ಮೇಲಿಂದ ನೀಲಗಂಗಾ ಕಣ್ಣು ಮುಚ್ಚಿಕೊಂಡೇ, "ಪೂರ್ತಿ ನೀನ ತಿನ್ನು, ನಮ್ಮಂಗ ಹಂಚಬ್ಯಾಡ" ಅಂದಳು.

ಇಂಚರಾ ತಿಂದಳು. ಕೈ ಒರೆಸಿಕೊಂಡಳು. ಕಟ್ಟಿಮನಿ ಚೀಟಿ ಎತ್ತಿ ಹೆಸರು ಕೂಗಿದ. ತನ್ನ ಗೆಳತಿಯರಾರೂ ಇಲ್ಲದ ಆ ಕೋಣೆಯಲ್ಲಿ ಹುಡುಗಿ ಒಂದು ಕ್ಷಣ ಹಿಂದೆ ತಿರುಗಿ ನೋಡಿ, ತೋಳು ಮೇಲೇರಿಸಿ, ತನ್ನದೇ ದನಿಯಲ್ಲಿ ಅಂದಳು:

"ಹಾಜರ್."